ಮರೆವು ತಡೆಯುವ ಮಾತ್ರೆ ಮನೆಯಲ್ಲೇ ಇದೆಯೇ?

ಮೂರು ತಿಂಗಳ ಹಿಂದೆ ಒಂದು ಸಂಜೆ ಹಾಸನದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮಾತಾಡಿ ಆಯ್ತು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಶುಗರ್ ಮಾತ್ರೆ ತಗೊಂಡ್ರೆ ಮರೆವಿನ ಕಾಯಿಲೆ ಬರಲ್ವಂತೆ, ಹೌದೇನಮ್ಮ? ವಾಟ್ಸಾಪಲ್ಲಿ ಬಂದಿತ್ತು. ನಂಗೆ ಶುಗರ್ ಇಲ್ಲ. ಆದ್ರೂ ದಿನಾ ಒಂದು ತಗೊಂಡ್ರೆ ಹೇಗೆ?"

ದನಿ ಯಾಕೆ ತಗ್ಗಿಸಿದರು ಅಂತ ನನಗೆ ಗೊತ್ತು. ಪಕ್ಕದ ಕೋಣೆಯಲ್ಲಿ ದೊಡ್ಡಪ್ಪ ಇರುತ್ತಾರೆ. ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಈಗ ಊಟ ಮಾಡಿ, ಕೈ ತೊಳೆದು ಬಂದು ಕೂತ ಮೇಲೆ "ಇವತ್ತು ಅಡುಗೆ ಆಗ್ಲಿಲ್ವಾ?" ಅಂತ ಕೇಳುತ್ತಾರೆ. ತಮ್ಮನನ್ನು ಕೆಲವು ದಿನ ಗುರುತು ಹಿಡಿಯುತ್ತಾರೆ, ಕೆಲವು ದಿನ ಇಲ್ಲ. ಅಣ್ಣನಿಗೆ ಬಂದದ್ದು ನಾಳೆ ತನಗೂ ಬಂದರೆ ಅನ್ನುವ ಭಯ ಚಿಕ್ಕಪ್ಪನದು. "ಹಾಗೇನೂ ಆಗಲ್ಲ ಬಿಡಿ" ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸಾಗಲಿಲ್ಲ. ಸರಿಯಾಗಿ ಓದಿ ಹೇಳ್ತೀನಿ ಅಂದೆ. ಈ ಲೇಖನ ಹುಟ್ಟಿದ್ದು ಹಾಗೆ.

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಗಾದೆಯೇ ಇದೆ. ಆ ಗಾದೆಯಿಂದ ತೊಂದರೆಯೇ ಜಾಸ್ತಿ ಆಗಿದೆ ಅಂತ ನನಗನ್ನಿಸುತ್ತದೆ. ವಯಸ್ಸಾದ ಮೇಲೆ ಹೀಗೇ ಅಂತ ಕೈಚೆಲ್ಲಿ ಕೂರುತ್ತೇವೆ. ಆದರೆ ಅರವತ್ತು ದಾಟಿದ ಹೆಚ್ಚಿನವರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬರುವುದೇ ಇಲ್ಲ. ಇಡೀ ದೇಶದಲ್ಲಿ ಮನೆಮನೆಗೆ ಹೋಗಿ ನಡೆಸಿದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ 2023ರಲ್ಲಿ ಬಂತು. 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಇದು ಕಾಯಿಲೆ. ಮಿದುಳಿನ ಜೀವಕೋಶಗಳು ನಿಧಾನವಾಗಿ ಸಾಯುವ ಕಾಯಿಲೆಗಳ ಗುಂಪು. ಆ ಗುಂಪಿನಲ್ಲಿ ಆಲ್‌ಝೈಮರ್ ದೊಡ್ಡದು, ಮಿದುಳಿನ ರಕ್ತನಾಳ ಕೆಟ್ಟು ಬರುವುದು ಎರಡನೆಯದು. ವಯಸ್ಸಾದವರಲ್ಲಿ ಇವೆರಡೂ ಬೆರೆತೇ ಇರುವುದು ಸಾಮಾನ್ಯ. ಈ ಬೆರಕೆ ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಹಳೇ ಮಾತ್ರೆಗಳ ಕಡೆ ಕಣ್ಣು ಯಾಕೆ ಬಿತ್ತು?

ಆಲ್‌ಝೈಮರ್‌ಗೆ ಹೊಸ ಔಷಧಿಗಳು ಬಂದಿವೆ ನಿಜ. ಲೆಕನೆಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಆಗ ಅದರ ಬೆಲೆ ಅಲ್ಲಿ ವರ್ಷಕ್ಕೆ 26,500 ಡಾಲರ್ ಇತ್ತು. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕು. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗಬಹುದು ಅಂತ ಆಗಾಗ ಎಂಆರ್‌ಐ ಮಾಡಿಸುತ್ತಿರಬೇಕು. ಇಷ್ಟಾದರೂ ಅದು ಮಾಡುವುದು ಹದಿನೆಂಟು ತಿಂಗಳಲ್ಲಿ ಕಾಯಿಲೆಯ ಓಟವನ್ನು ಶೇ 27ರಷ್ಟು ನಿಧಾನ ಮಾಡುವುದನ್ನು ಮಾತ್ರ. ಹೋದ ನೆನಪು ವಾಪಸ್ ಬರುವುದಿಲ್ಲ.

ಹಾಗಾಗಿ ವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು. ಬಿಪಿ, ಶುಗರ್, ಕೊಲೆಸ್ಟ್ರಾಲ್‌ಗೆ ಕೋಟ್ಯಂತರ ಜನ ದಶಕಗಳಿಂದ ನುಂಗುತ್ತಿರುವ ಮಾತ್ರೆಗಳಿವೆ. ಅವುಗಳ ಒಳ್ಳೆಯದು ಕೆಟ್ಟದ್ದು ಗೊತ್ತಿದೆ, ಬೆಲೆ ಕಡಿಮೆ. ಅವುಗಳಲ್ಲೇ ಯಾವುದಾದರೂ ಮಿದುಳನ್ನೂ ಕಾಯುತ್ತಿದೆಯಾ ಅಂತ ನೋಡಿದರೆ ಹೇಗೆ? 2025ರ ಜನವರಿಯಲ್ಲಿ ಕೇಂಬ್ರಿಜ್ ಮತ್ತು ಎಕ್ಸೆಟರ್ ವಿಶ್ವವಿದ್ಯಾಲಯದವರು ಇಂಥ 14 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. 13 ಕೋಟಿಗೂ ಜಾಸ್ತಿ ಜನರ ದಾಖಲೆ, ಅದರಲ್ಲಿ 10 ಲಕ್ಷ ಡಿಮೆನ್ಶಿಯಾ ರೋಗಿಗಳು. ಕೆಲವು ಆಂಟಿಬಯಾಟಿಕ್, ವೈರಸ್ ಔಷಧಿ, ಲಸಿಕೆ, ಉರಿಯೂತ ಇಳಿಸುವ ಮಾತ್ರೆಗಳನ್ನು ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಕಡಿಮೆ ಕಂಡಿತು. ಬಿಪಿ, ಶುಗರ್ ಮಾತ್ರೆಗಳ ವಿಚಾರದಲ್ಲಿ ಉತ್ತರ ಒಂದೇ ಥರ ಇರಲಿಲ್ಲ.

ಅದಕ್ಕಿಂತ ಮೊದಲು, 2024ರಲ್ಲಿ, ದಕ್ಷಿಣ ಕೊರಿಯಾದಿಂದ ಒಂದು ಅಧ್ಯಯನ ಬಂದಿತ್ತು. 40ರಿಂದ 69 ವರ್ಷದ ಶುಗರ್ ರೋಗಿಗಳು. ಡಪಾಗ್ಲಿಫ್ಲೋಜಿನ್‌ನಂಥ, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಮಾತ್ರೆ ತೆಗೆದುಕೊಂಡವರಲ್ಲಿ, ಇನ್ನೊಂದು ಬಗೆಯ ಶುಗರ್ ಮಾತ್ರೆ ತೆಗೆದುಕೊಂಡವರಿಗಿಂತ ಡಿಮೆನ್ಶಿಯಾ ಶೇ 35 ಕಡಿಮೆ ಇತ್ತು. ಚಿಕ್ಕಪ್ಪನ ವಾಟ್ಸಾಪ್‌ಗೆ ಬಂದ ಸುದ್ದಿಯ ಬೇರು ಇಂಥದ್ದೇ ಯಾವುದೋ ಅಧ್ಯಯನ ಇರಬೇಕು. ಅಧ್ಯಯನದಲ್ಲಿ ಇದ್ದದ್ದು ಶುಗರ್ ಇರುವವರ ಮಾತು. ಫೋನಿಂದ ಫೋನಿಗೆ ಹಾರುತ್ತಾ ಬರುವಾಗ "ಶುಗರ್ ಇರುವವರಲ್ಲಿ" ಅನ್ನುವ ಪದ ಬಿದ್ದುಹೋಗಿದೆ.

ದಾಖಲೆ ಹೇಗೆ ದಾರಿ ತಪ್ಪಿಸುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಈ ವಿಚಾರದಲ್ಲಿ ಜನ ಮೋಸ ಹೋಗುವುದು ಇಲ್ಲೇ.

ಹತ್ತು ವರ್ಷ ಬಿಡದೆ ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಎಂಥವರು ಅಂತ ಯೋಚಿಸಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಬೀಡಿ ಸಿಗರೇಟು ಇರುವುದಿಲ್ಲ. ಓದು ಬರಹ, ಒಂದಿಷ್ಟು ದುಡ್ಡು ಇರುತ್ತದೆ. ಇವರಿಗೆ ಡಿಮೆನ್ಶಿಯಾ ಕಡಿಮೆ ಬಂದರೆ ಅದು ಮಾತ್ರೆಯಿಂದಲೋ, ಅವರ ಬದುಕಿನ ಶಿಸ್ತಿನಿಂದಲೋ? ಆಸ್ಪತ್ರೆ ದಾಖಲೆಯಿಂದ ಇದನ್ನು ಬಿಡಿಸಿ ಹೇಳುವುದು ಬಹಳ ಕಷ್ಟ.

ಇನ್ನೊಂದು ತೊಡಕು ಇನ್ನೂ ಸೂಕ್ಷ್ಮ. ಡಿಮೆನ್ಶಿಯಾ ಗೊತ್ತಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರುತ್ತದೆ. ಆ ವರ್ಷಗಳಲ್ಲಿ ಮನುಷ್ಯ ಮಾತ್ರೆ ಮರೆಯುತ್ತಾನೆ, ಚೀಟಿ ಕಳೆದುಕೊಳ್ಳುತ್ತಾನೆ, ಡಾಕ್ಟರ ಹತ್ತಿರ ಹೋಗುವುದು ಬಿಡುತ್ತಾನೆ. ಆಮೇಲೆ ಲೆಕ್ಕ ಹಾಕುವವರಿಗೆ ಕಾಣುವುದು, ಮಾತ್ರೆ ಬಿಟ್ಟವರಿಗೆ ಡಿಮೆನ್ಶಿಯಾ ಬಂತು ಅಂತ. ನಿಜವಾಗಿ ಆಗಿರುವುದು, ಡಿಮೆನ್ಶಿಯಾ ಶುರುವಾಗಿದ್ದರಿಂದಲೇ ಮಾತ್ರೆ ಬಿಟ್ಟದ್ದು.

ಇದು ಬರೀ ತರ್ಕದ ಮಾತಲ್ಲ. ಇದರ ಬೆಲೆಯನ್ನು ಹೆಂಗಸರು ಒಮ್ಮೆ ತೆತ್ತಿದ್ದಾರೆ. 1990ರ ದಶಕದಲ್ಲಿ, ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಂಡ ಹೆಂಗಸರಲ್ಲಿ ಮರೆವಿನ ಕಾಯಿಲೆ ಕಡಿಮೆ ಅಂತ ದಾಖಲೆಗಳು ಹೇಳುತ್ತಿದ್ದವು. ಡಾಕ್ಟರರೂ ನಂಬಿದ್ದರು. ಕೊನೆಗೆ ಅಮೆರಿಕದಲ್ಲಿ 65 ದಾಟಿದ 4,532 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾರ್ಮೋನ್, ಇನ್ನೊಂದಕ್ಕೆ ಅದೇ ಥರ ಕಾಣುವ ಸಪ್ಪೆ ಮಾತ್ರೆ. 2003ರಲ್ಲಿ ಫಲಿತಾಂಶ ಬಂತು. ಸಪ್ಪೆ ಮಾತ್ರೆ ಗುಂಪಿನಲ್ಲಿ 21 ಮಂದಿಗೆ ಡಿಮೆನ್ಶಿಯಾ. ಹಾರ್ಮೋನ್ ಗುಂಪಿನಲ್ಲಿ 40 ಮಂದಿಗೆ. ಕಾಯುತ್ತದೆ ಅಂದುಕೊಂಡಿದ್ದ ಮಾತ್ರೆ ಆ ವಯಸ್ಸಿನಲ್ಲಿ ಅಪಾಯವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿತ್ತು.

ಈಚಿನ ಉದಾಹರಣೆ ಸೆಮಾಗ್ಲುಟೈಡ್. ಶುಗರ್‌ಗೂ ತೂಕ ಇಳಿಸಲೂ ಕೊಡುವ, ಎಲ್ಲರ ಬಾಯಲ್ಲಿರುವ ಔಷಧಿ. ಇದನ್ನು ತೆಗೆದುಕೊಂಡ ಶುಗರ್ ರೋಗಿಗಳಲ್ಲಿ ಆಲ್‌ಝೈಮರ್ ಕಡಿಮೆ ಅಂತ ದಾಖಲೆಗಳಲ್ಲಿ ಕಂಡಿತ್ತು. ತಯಾರಕ ಕಂಪನಿ ನೋವೊ ನಾರ್ಡಿಸ್ಕ್ ಎರಡು ದೊಡ್ಡ ಪ್ರಯೋಗ ನಡೆಸಿತು. ಆಲ್‌ಝೈಮರ್ ಆರಂಭದ ಹಂತದಲ್ಲಿದ್ದ 3,808 ಜನ, ಎರಡು ವರ್ಷ. 2025ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು: ಕಾಯಿಲೆ ನಿಧಾನವಾಗಲಿಲ್ಲ. ರೋಗದ ಕೆಲವು ಗುರುತುಗಳು ಪರೀಕ್ಷೆಯಲ್ಲಿ ಸುಧಾರಿಸಿದ್ದವು, ಆದರೆ ಮನುಷ್ಯರ ನೆನಪು, ದಿನದ ಕೆಲಸ ಮಾಡುವ ಶಕ್ತಿ ಸುಧಾರಿಸಲಿಲ್ಲ. ಇದರಿಂದ ತಡೆಗಟ್ಟುವ ಆಸೆ ಪೂರ್ತಿ ಮುಗಿಯಿತು ಅಂತಲ್ಲ. ಕಾಯಿಲೆ ಬಂದ ಮೇಲೆ ಕೊಡುವುದು ಬೇರೆ, ಇಪ್ಪತ್ತು ವರ್ಷ ಮೊದಲೇ ಕೊಡುವುದು ಬೇರೆ. ಆದರೆ ಮರೆವಿನ ಹೆಸರಲ್ಲಿ ಇವತ್ತು ಯಾರಾದರೂ ಇದನ್ನು ನಿಮಗೆ ಕೊಡಿಸಲು ಬಂದರೆ, ಬೇಡ ಅನ್ನಿ. ಭಾರತದಲ್ಲಿ ಇದರ ಪೇಟೆಂಟ್ 2026ರ ಮಾರ್ಚ್‌ಗೆ ಮುಗಿಯುವಂಥದ್ದು. ಅಗ್ಗದ ಬ್ರ್ಯಾಂಡ್‌ಗಳ ಜೊತೆಗೆ ಅಗ್ಗದ ಆಸೆಗಳೂ ಮಾರಾಟಕ್ಕೆ ಬರಬಹುದು ಅನ್ನುವುದೇ ನನ್ನ ಚಿಂತೆ.

ಬಿಪಿಯ ಕಥೆ ಬೇರೆ

ಹಾಗಾದರೆ ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗದಲ್ಲಿ ಗೆದ್ದ ಹಳೇ ಮಾತ್ರೆ ಯಾವುದೂ ಇಲ್ವಾ? ಇದೆ. ನಮ್ಮೆಲ್ಲರ ಮನೆಯಲ್ಲಿ ಯಾರಾದರೊಬ್ಬರು ನುಂಗುವ ಬಿಪಿ ಮಾತ್ರೆ.

ಅದಕ್ಕೆ ಕಾರಣ ಮಿದುಳಿನ ಕೊಳವೆಗಳ ಜೋಡಣೆಯಲ್ಲಿದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2 ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ತೋಟಕ್ಕೆ ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇನ್ ಪೈಪಿನಿಂದ ನೇರವಾಗಿ ತೆಳ್ಳಗಿನ ಪೈಪಿಗೆ ನೀರು ಬಿಟ್ಟರೆ, ಮೋಟರಿನ ಒತ್ತಡವೆಲ್ಲ ತೆಳ್ಳಗಿನ ಪೈಪಿನ ಮೇಲೇ ಬೀಳುತ್ತದೆ. ಮಿದುಳಿನ ಆಳದಲ್ಲಿ ಹೀಗೇ ಇದೆ. ದೊಡ್ಡ ರಕ್ತನಾಳದಿಂದ ಕೂದಲೆಳೆಯಂಥ ನಾಳಗಳು ನೇರ ಕವಲೊಡೆಯುತ್ತವೆ. ವರ್ಷಗಟ್ಟಲೆ ಬಿಪಿ ಏರಿದ್ದರೆ ಆ ಎಳೆಗಳ ಗೋಡೆ ದಪ್ಪವಾಗುತ್ತದೆ, ಗಡಸಾಗುತ್ತದೆ, ಕೆಲವು ಮುಚ್ಚಿಹೋಗುತ್ತವೆ. ಅವು ನೀರುಣಿಸುತ್ತಿದ್ದ ಜಾಗ ಒಣಗುತ್ತದೆ. ಎಂಆರ್‌ಐನಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆಗಳಾಗಿ ಕಾಣುವುದು ಇದೇ. ಲಕ್ವ ಹೊಡೆದ ಹಾಗೆ ಒಂದೇ ದಿನ ಗೊತ್ತಾಗುವುದಿಲ್ಲ. ಮನುಷ್ಯ ನಿಧಾನವಾಗುತ್ತಾನೆ, ಲೆಕ್ಕ ತಪ್ಪುತ್ತದೆ, ಎರಡು ಕೆಲಸ ಒಟ್ಟಿಗೆ ಮಾಡಲು ಆಗುವುದಿಲ್ಲ. ಪಕ್ಕದಲ್ಲಿ ಆಲ್‌ಝೈಮರ್ ಕೂಡ ಬೆಳೆಯುತ್ತಿದ್ದರೆ, ಎರಡೂ ಸೇರಿ ಮನುಷ್ಯನನ್ನು ಬೇಗ ಕೆಡವುತ್ತವೆ. ಮೊದಲು ಹೇಳಿದ ಬೆರಕೆ ಇದೇ.

ಅಮೆರಿಕದಲ್ಲಿ 9,361 ಜನರ ಮೇಲೆ ಸ್ಪ್ರಿಂಟ್ ಅನ್ನುವ ಪ್ರಯೋಗ ನಡೆಯಿತು. ಎಲ್ಲರೂ 50 ದಾಟಿದವರು, ಬಿಪಿ ಇದ್ದವರು, ಶುಗರ್ ಇಲ್ಲದವರು. ಒಂದು ಗುಂಪಿಗೆ ಮೇಲಿನ ಬಿಪಿ 140ರ ಒಳಗೆ ಇಡುವ ಗುರಿ, ಇನ್ನೊಂದಕ್ಕೆ 120ರ ಒಳಗೆ. ಮೊದಲ ಗುಂಪಿಗೆ ಸರಾಸರಿ ಸುಮಾರು ಎರಡು ಮಾತ್ರೆ ಬೇಕಾಯಿತು, ಎರಡನೆಯದಕ್ಕೆ ಸುಮಾರು ಮೂರು. ಹೃದಯಕ್ಕೆ ಆದ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ 2015ರಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಮಿದುಳಿನ ಲೆಕ್ಕ 2019ರಲ್ಲಿ ಬಂತು. ಡಿಮೆನ್ಶಿಯಾಗೆ ಮುಂಚಿನ ಹಂತದ ಮರೆವು, 120ರ ಗುಂಪಿನಲ್ಲಿ ಶೇ 19 ಕಡಿಮೆ. ಪೂರ್ತಿ ಡಿಮೆನ್ಶಿಯಾ 120ರ ಗುಂಪಿನಲ್ಲಿ 149 ಮಂದಿಗೆ, 140ರ ಗುಂಪಿನಲ್ಲಿ 176 ಮಂದಿಗೆ. ಈ ಎರಡನೇ ವ್ಯತ್ಯಾಸ ಆಕಸ್ಮಿಕ ಇದ್ದರೂ ಇರಬಹುದು ಅನ್ನುವಷ್ಟು ಸಣ್ಣದು. ಪ್ರಯೋಗ ಬೇಗ ನಿಂತಿದ್ದರಿಂದ ಉತ್ತರ ಅರ್ಧವೇ ಸಿಕ್ಕಿತ್ತು.

ಉಳಿದರ್ಧ ಚೀನಾದ ಹಳ್ಳಿಗಳಿಂದ ಬಂತು. ಇದು ನನಗೆ ಬಹಳ ಇಷ್ಟವಾದ ಪ್ರಯೋಗ, ಯಾಕಂದ್ರೆ ಇದು ದೊಡ್ಡ ಆಸ್ಪತ್ರೆಯಲ್ಲಿ ನಡೆದದ್ದಲ್ಲ. ಲಿಯಾವೊನಿಂಗ್, ಶಾನ್‌ಶಿ, ಹುಬೇ ಪ್ರಾಂತ್ಯಗಳ 326 ಹಳ್ಳಿಗಳು. 40 ದಾಟಿದ, ಬಿಪಿ ಹಿಡಿತಕ್ಕೆ ಬಾರದ 33,995 ಜನ. ಅರ್ಧ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಇನ್ನರ್ಧದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಹೊಣೆ ಹೊತ್ತರು. ಇವರು ಎಂಬಿಬಿಎಸ್ ಓದಿದವರಲ್ಲ. ಒಂದು ಸರಳ ಪಟ್ಟಿ ಕೊಟ್ಟಿದ್ದರು: ಬಿಪಿ ಇಷ್ಟಿದ್ದರೆ ಈ ಮಾತ್ರೆ, ಇಳಿಯದಿದ್ದರೆ ಇದನ್ನೂ ಸೇರಿಸು. ಮಾತ್ರೆ ಉಚಿತ ಅಥವಾ ಅಗ್ಗ. ಮನೆಯಲ್ಲೇ ಬಿಪಿ ನೋಡಿಕೊಳ್ಳಲು ಮಿಷನ್. ಉಪ್ಪು, ಕುಡಿತ, ತೂಕದ ಬಗ್ಗೆ ಮಾತು. ಮೇಲೆ ಡಾಕ್ಟರರ ನಿಗಾ. ಗುರಿ 130/80ರ ಒಳಗೆ.

ನಾಲ್ಕು ವರ್ಷ ಆದ ಮೇಲೆ ನೋಡಿದರೆ, ಈ ಹಳ್ಳಿಗಳಲ್ಲಿ ಸರಾಸರಿ ಬಿಪಿ ಸುಮಾರು 128ಕ್ಕೆ ಇಳಿದಿತ್ತು. ಉಳಿದ ಹಳ್ಳಿಗಳಲ್ಲಿ 148ರ ಹತ್ತಿರ. ಡಿಮೆನ್ಶಿಯಾ ಶೇ 15 ಕಡಿಮೆ. ಅದಕ್ಕೆ ಮುಂಚಿನ ಹಂತದ ಮರೆವು ಶೇ 16 ಕಡಿಮೆ. 2025ರ ಏಪ್ರಿಲ್‌ನಲ್ಲಿ ಇದು ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಉಪ್ಪು ಕಡಿಮೆ ಮಾಡಿದ್ದು, ಯಾರೋ ಬಂದು ವಿಚಾರಿಸಿಕೊಂಡದ್ದು, ಇವೆಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಎಲ್ಲ ಶ್ರೇಯಸ್ಸೂ ಮಾತ್ರೆಯದೇ ಅಂತ ಹೇಳಲಾಗದು. ಆದರೂ ಸಾವಿರಾರು ರೂಪಾಯಿಯ ಯಾವ ಇಂಜೆಕ್ಷನ್ನೂ ಇಲ್ಲದೆ, ಊರಿನ ಕಾರ್ಯಕರ್ತರ ಕೈಯಲ್ಲೇ ಇಷ್ಟು ಸಾಧ್ಯವಾಯಿತು ಅನ್ನುವುದನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು.

ಆದರೆ ಶೇಕಡಾ ಲೆಕ್ಕದಲ್ಲಿ ಮೈಮರೆಯುವುದು ಬೇಡ. 2020ರಲ್ಲಿ 12 ಬಿಪಿ ಪ್ರಯೋಗಗಳ 92,135 ಜನರನ್ನು ಒಟ್ಟು ಹಾಕಿ ನೋಡಿದಾಗ, ಸರಾಸರಿ ನಾಲ್ಕು ವರ್ಷದಲ್ಲಿ ಡಿಮೆನ್ಶಿಯಾ ಅಥವಾ ಮರೆವಿನ ತೊಂದರೆ ಬಂದದ್ದು ಬಿಪಿ ಇಳಿಸಿದ ಗುಂಪಿನಲ್ಲಿ ಶೇ 7.0, ಇನ್ನೊಂದರಲ್ಲಿ ಶೇ 7.5. ಒಬ್ಬ ವ್ಯಕ್ತಿಯ ಲೆಕ್ಕದಲ್ಲಿ ಇದು ತೀರಾ ಸಣ್ಣದು. ಊರಿನ, ರಾಜ್ಯದ ಲೆಕ್ಕದಲ್ಲಿ ಹಾಗಲ್ಲ. ಅಲ್ಲದೆ ಅದು ನಾಲ್ಕು ವರ್ಷದ ಲಾಭ ಮಾತ್ರ. ನಲವತ್ತೈದರಿಂದ ಎಪ್ಪತ್ತೈದರವರೆಗೆ ಬಿಪಿ ಹಿಡಿತದಲ್ಲಿಟ್ಟುಕೊಂಡವರ ಲಾಭವನ್ನು ಅಳೆಯಲು ಮೂವತ್ತು ವರ್ಷದ ಪ್ರಯೋಗ ಬೇಕು. ಅಷ್ಟು ಕಾಲ ಒಂದು ಗುಂಪಿನ ಜನರನ್ನು ಬಿಪಿ ಏರಿದ ಹಾಗೇ ಬಿಡುವುದು ಯಾವ ಡಾಕ್ಟರಿಗೂ ಸಲ್ಲದು.

"ಬಿಪಿ ಮಾತ್ರೆಯಲ್ಲಿ ಯಾವುದು ಒಳ್ಳೇದು?" ಅಂತ ಕೇಳುವವರಿದ್ದಾರೆ. ಆಮ್ಲೊಡಿಪಿನ್ನೋ, ಟೆಲ್ಮಿಸಾರ್ಟನ್ನೋ, ಲೊಸಾರ್ಟನ್ನೋ? 31 ಸಾವಿರ ಜನರ ಮಾಹಿತಿ ಸೇರಿಸಿ 2020ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಇದಕ್ಕೆ ಉತ್ತರ ಕೊಟ್ಟಿದೆ. ಮಾತ್ರೆಯ ಜಾತಿಯಿಂದ ವ್ಯತ್ಯಾಸವಿಲ್ಲ. ಬಿಪಿ ಇಳಿಯಬೇಕು ಅಷ್ಟೆ. ಜನೌಷಧಿ ಕೇಂದ್ರದಲ್ಲಿ ಕೆಲವೇ ರೂಪಾಯಿಗೆ ಒಂದು ಸ್ಟ್ರಿಪ್ ಸಿಗುವ ಮಾತ್ರೆಯೂ ಆಗುತ್ತದೆ.

ದೊಡ್ಡಪ್ಪನ ಹಾರ್ಲಿಕ್ಸ್ ಬಾಟಲಿ

ಹೋದ ಸಲ ಊರಿಗೆ ಹೋದಾಗ ದೊಡ್ಡಮ್ಮ ದೊಡ್ಡಪ್ಪನ ಹಳೇ ಮಾತ್ರೆಗಳನ್ನು ತೋರಿಸಿದರು. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದರು. ಎಸೆಯಲು ಮನಸ್ಸು ಬಂದಿಲ್ಲ. ನೆಲದ ಮೇಲೆ ಪೇಪರ್ ಹಾಸಿ ಸುರಿದೆವು. ಬಿಪಿ ಮಾತ್ರೆಯ ಸ್ಟ್ರಿಪ್‌ಗಳೇ ಹನ್ನೊಂದು ಇದ್ದವು. ಒಂದೂ ಪೂರ್ತಿ ಖಾಲಿಯಾಗಿಲ್ಲ. ಒಂದರಲ್ಲಿ ಆರು ನುಂಗಿ ಬಿಟ್ಟಿದ್ದಾರೆ, ಇನ್ನೊಂದರಲ್ಲಿ ನಾಲ್ಕು. ದಿನಾಂಕ ನೋಡಿದರೆ ಹತ್ತು ವರ್ಷದ ಹರವು. "ಬಿಪಿ ನೋಡಿಸ್ಕೊಂಡು ಬರೋರು, ನಾರ್ಮಲ್ ಇದೆ ಅಂತ ಹೇಳ್ತಾರೆ, ಬಿಟ್ಬಿಡೋರು. ತಲೆ ಸುತ್ತಿದಾಗ ಮತ್ತೆ ಶುರು" ಅಂದರು ದೊಡ್ಡಮ್ಮ. ಮಾತ್ರೆ ನುಂಗಿದ್ದರಿಂದಲೇ ನಾರ್ಮಲ್ ಬಂದದ್ದು ಅಂತ ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ.

ದೊಡ್ಡಪ್ಪನ ಕಾಯಿಲೆಗೆ ಇದೇ ಕಾರಣ ಅಂತ ನಾನು ಹೇಳಲಾರೆ. ಒಬ್ಬ ಮನುಷ್ಯನ ವಿಚಾರದಲ್ಲಿ ಹಾಗೆ ಯಾರಿಗೂ ಹೇಳಲು ಬರುವುದಿಲ್ಲ. ಆದರೆ ಆ ಹನ್ನೊಂದು ಸ್ಟ್ರಿಪ್ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ದೊಡ್ಡವರ ಪೈಕಿ ಶೇ 35.5 ಮಂದಿಗೆ ಬಿಪಿ ಇದೆ. ಇಂಥ ಬಾಟಲಿ ಎಷ್ಟು ಮನೆಗಳಲ್ಲಿರಬಹುದು ಅಂತ ಯೋಚನೆ ಬರುತ್ತದೆ.

ಶುಗರ್, ಕೊಲೆಸ್ಟ್ರಾಲ್, ಆಸ್ಪಿರಿನ್

ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಶುಗರ್ ಇದ್ದವರಿಗೆ ಡಿಮೆನ್ಶಿಯಾ ಅಪಾಯ ಜಾಸ್ತಿ, ಇದರಲ್ಲಿ ಅನುಮಾನವಿಲ್ಲ. ಹಾಗಾದರೆ ಶುಗರ್ ಆದಷ್ಟೂ ಇಳಿಸಿದರೆ ಅಪಾಯ ಇಳಿಯಬೇಕಲ್ವಾ? ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಕಾರ್ಡ್ ಪ್ರಯೋಗದಲ್ಲಿ ಹಾಗೆ ಮಾಡಿ ನೋಡಿದರು. ಬಿಗಿಯಾಗಿ ಶುಗರ್ ಇಳಿಸಿದ ಗುಂಪಿನಲ್ಲಿ ಸಾವು ಜಾಸ್ತಿಯಾಗಿ 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ನೆನಪಿನ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದ 16,667 ಶುಗರ್ ರೋಗಿಗಳನ್ನು ನೋಡಿದಾಗ, ಶುಗರ್ ತೀರಾ ಇಳಿದು ಆಸ್ಪತ್ರೆ ಸೇರಿದವರಲ್ಲಿ ಮುಂದೆ ಡಿಮೆನ್ಶಿಯಾ ಜಾಸ್ತಿ ಕಂಡಿತು. ಎಪ್ಪತ್ತು ದಾಟಿದ ಅಪ್ಪ ಅಮ್ಮ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ತೆಗೆದುಕೊಂಡು, ಏಕಾದಶಿ ಅಂತ ಊಟ ಬಿಟ್ಟು, ಮಧ್ಯಾಹ್ನ ಬೆವತು ತೊದಲುವುದನ್ನು ನೋಡಿದ್ದೀರಾ? ಆಗ ಮಿದುಳಿಗೆ ಊಟವಿಲ್ಲ. ಅಂಥ ಪೆಟ್ಟು ಮತ್ತೆ ಮತ್ತೆ ಬೀಳಬಾರದು. ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮೆಟ್ಫಾರ್ಮಿನ್ ಅನ್ನುವ ಶುಗರ್ ಮಾತ್ರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಮರೆವನ್ನು ತಡೆಯುತ್ತದೆ ಅಂತ ಕೆಲವು ದಾಖಲೆ, ಇಲ್ಲ ಅಂತ ಕೆಲವು. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ದೇಹದಲ್ಲಿ ಬಿ12 ವಿಟಮಿನ್ ಕಡಿಮೆಯಾಗುತ್ತದೆ. ಇದು ಸಾಮಾನ್ಯವಾಗಿ ಆಗುವ ಅಡ್ಡಪರಿಣಾಮ ಅಂತ ಬ್ರಿಟನ್ನಿನ ಔಷಧ ನಿಯಂತ್ರಕರು 2022ರಲ್ಲಿ ಎಚ್ಚರಿಸಿದರು. ಬಿ12 ಸಿಗುವುದು ಮೊಟ್ಟೆ, ಮಾಂಸ, ಮೀನು, ಹಾಲಿನಿಂದ. ನಮ್ಮಲ್ಲಿ ಸೊಪ್ಪು ಸಾರು, ಅನ್ನ ಉಣ್ಣುವವರಿಗೆ ಮೊದಲೇ ಕಡಿಮೆ ಇರುತ್ತದೆ. ಬಿ12 ತೀರಾ ಕಡಿಮೆಯಾದರೆ ಅದೇ ಮರೆವು ತರುತ್ತದೆ, ಕಾಲು ಜೋಮು ಹಿಡಿಸುತ್ತದೆ. ಇದು ಬೇಗ ಗೊತ್ತಾದರೆ ಸರಿಹೋಗುವ ಮರೆವು. ಶುಗರ್ ಇರುವ ಅತ್ತೆ ಮಾವ ಮರೆಯಲು ಶುರು ಮಾಡಿದರೆ, ಡಿಮೆನ್ಶಿಯಾ ಅಂತ ಹಣೆಪಟ್ಟಿ ಹಚ್ಚುವ ಮುಂಚೆ ಬಿ12 ಮತ್ತು ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ. ಚಿಕ್ಕಪ್ಪನಂತೆ ಶುಗರ್ ಇಲ್ಲದವರು ಶುಗರ್ ಮಾತ್ರೆ ನುಂಗಲು ಇವತ್ತಿನವರೆಗೆ ಯಾವ ಆಧಾರವೂ ಇಲ್ಲ.

ಕೊಲೆಸ್ಟ್ರಾಲ್ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾಗೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಎಲ್ಲವನ್ನೂ ಸರಿಪಡಿಸಿದರೆ ಸುಮಾರು ಶೇ 45ರಷ್ಟು ಡಿಮೆನ್ಶಿಯಾ ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ನಡುವಯಸ್ಸಿನ ಕೆಟ್ಟ ಕೊಲೆಸ್ಟ್ರಾಲನ್ನು ಆ ಸಲ ಹೊಸದಾಗಿ ಸೇರಿಸಿದರು. ಆದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಎರಡು ದೊಡ್ಡ ಪ್ರಯೋಗಗಳು 2002ರಲ್ಲೇ ಬಂದಿದ್ದವು. ಬ್ರಿಟನ್ನಿನ 20,536 ಜನರದ್ದೊಂದು, 70ರಿಂದ 82 ವರ್ಷದ 5,804 ಜನರದ್ದೊಂದು. ಎರಡರಲ್ಲೂ ಹೃದಯಕ್ಕೆ ಲಾಭ ಇತ್ತು, ಮಿದುಳಿಗೆ ಕಾಣಲಿಲ್ಲ. ತಡವಾಗಿ ಶುರು ಮಾಡಿ ಕೆಲವೇ ವರ್ಷ ನೋಡಿದ್ದರಿಂದ ಹೀಗಾಗಿರಬಹುದು. ವಯಸ್ಸಾದವರ ಮೇಲೇ ಅಟೊರ್ವಸ್ಟಾಟಿನ್ ಅನ್ನುವ ಸ್ಟಾಟಿನ್‌ನ ಪ್ರಯೋಗಗಳನ್ನು ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕೈಗೊಂಡಿದ್ದಾರೆ. ಹೃದಯಕ್ಕೆ ಅಂತ ಡಾಕ್ಟರ್ ಬರೆದಿದ್ದರೆ ತಪ್ಪದೆ ತೆಗೆದುಕೊಳ್ಳಿ. ಸ್ಟಾಟಿನ್‌ನಿಂದ ಮರೆವು ಬರುತ್ತದೆ ಅನ್ನುವ ಸುದ್ದಿ ಕೇಳಿ ಬಿಡಬೇಡಿ. ಆ ದೊಡ್ಡ ಪ್ರಯೋಗಗಳಲ್ಲಿ ಹಾಗೂ ಕಂಡಿಲ್ಲ.

ಆಸ್ಪಿರಿನ್ ಉತ್ತರ ಮಾತ್ರ ಖಚಿತ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರಿಗೆ ದಿನಾ ಕೊಟ್ಟು ನೋಡಿದರು. ಡಿಮೆನ್ಶಿಯಾ ಕಡಿಮೆಯಾಗಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆದವರಿಗೆ ಡಾಕ್ಟರ್ ಕೊಟ್ಟಿದ್ದರೆ ಅದು ಬೇರೆ ಮಾತು.

ಕೆಡಿಸುವ ಮಾತ್ರೆಗಳೂ ಇವೆ

ಇದನ್ನು ಯಾರೂ ವಾಟ್ಸಾಪಲ್ಲಿ ಕಳಿಸುವುದಿಲ್ಲ. ನಮ್ಮ ಮನೆಯ ಡಬ್ಬಿಯಲ್ಲೇ ಮಿದುಳನ್ನು ಮಬ್ಬು ಮಾಡುವ ಮಾತ್ರೆಗಳೂ ಇರುತ್ತವೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಇವು ತಡೆಯುತ್ತವೆ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಈ ಜಾತಿಯವು. ಬ್ರಿಟನ್ನಿನಲ್ಲಿ 58,769 ಡಿಮೆನ್ಶಿಯಾ ರೋಗಿಗಳ ಹಳೇ ಚೀಟಿಗಳನ್ನು ತೆಗೆದು ನೋಡಿ 2019ರಲ್ಲಿ ಲೆಕ್ಕ ಕೊಟ್ಟರು. ಈ ಜಾತಿಯ ಕೆಲವು ಪ್ರಬಲ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಸುಮಾರು ಶೇ 50 ಜಾಸ್ತಿ ಇತ್ತು. ನೆಗಡಿ ಮಾತ್ರೆಗಳಲ್ಲಿ ಆ ಸಂಬಂಧ ಕಾಣಲಿಲ್ಲ. ಇದೂ ದಾಖಲೆಯ ಲೆಕ್ಕವೇ, ಮೊದಲು ಹೇಳಿದ ಎಚ್ಚರ ಇಲ್ಲೂ ಬೇಕು. ಆದರೂ ಎಪ್ಪತ್ತು ದಾಟಿದವರು ಇವನ್ನು ನುಂಗಿದ ದಿನ ಗೊಂದಲಗೊಳ್ಳುವುದು, ಬಿದ್ದು ಸೊಂಟ ಮುರಿದುಕೊಳ್ಳುವುದು ಡಾಕ್ಟರರಿಗೆಲ್ಲ ಗೊತ್ತಿರುವ ವಿಚಾರ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ, ನೆಗಡಿ ಮಾತ್ರೆ ತಂದುಕೊಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಮನೆಯ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿ ವರ್ಷಕ್ಕೊಮ್ಮೆ ಡಾಕ್ಟರ್ ಮುಂದೆ ಸುರಿಯಿರಿ. ಯಾವುದು ಬೇಕು, ಯಾವುದು ಬೇಡ ಅಂತ ಕೇಳಿ.

ಕೋಲಾರದಲ್ಲಿ

ಈ ಪ್ರಶ್ನೆಗಳಿಗೆ ನಮ್ಮ ನೆಲದ ಉತ್ತರ ಹುಡುಕುವ ಕೆಲಸವೂ ನಡೆದಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಹಮ್ಮಿಕೊಂಡಿದ್ದಾರೆ. ಮಾವಿನ ತೋಟದ ಊರುಗಳು. ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಇದೆ. ಪಶ್ಚಿಮದ ದೇಶಗಳ ನೆನಪಿನ ಪರೀಕ್ಷೆಗಳು ಹೆಚ್ಚಾಗಿ ಓದು ಬರಹ ಬಲ್ಲವರಿಗೆ ಮಾಡಿದವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ನೆನಪನ್ನು ಅವರ ಮಾತಿನಲ್ಲೇ ಅಳೆಯುವುದು ಹೇಗೆ ಅನ್ನುವುದೇ ಒಂದು ದೊಡ್ಡ ಕೆಲಸ. ಇದೇ ಜಿಲ್ಲೆಯಲ್ಲಿ, 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಶುರು ಮಾಡಿದ ಮಿದುಳು ಆರೋಗ್ಯ ಯೋಜನೆಯ ಕ್ಲಿನಿಕ್ ಕೂಡ ಬಂತು. 2024ರ ಅಕ್ಟೋಬರ್‌ನಲ್ಲಿ ಗೃಹ ಆರೋಗ್ಯ ಯೋಜನೆ ಮೊದಲು ಕಾಲಿಟ್ಟದ್ದೂ ಕೋಲಾರದಲ್ಲೇ. ಮನೆಗೇ ಬಂದು ಬಿಪಿ, ಶುಗರ್ ನೋಡುವುದು, ಮಾತ್ರೆ ತಲುಪಿಸುವುದು ಅದರ ಕೆಲಸ.

ಚೀನಾದ 326 ಹಳ್ಳಿಗಳ ಪ್ರಯೋಗ ಓದುತ್ತಾ ನನಗೆ ನೆನಪಾದದ್ದು ಇದೇ. ಅಲ್ಲಿ ಮಾಡಿದ್ದನ್ನು ಇಲ್ಲಿ ಮಾಡಲು ಬೇಕಾದ ಜನ ನಮ್ಮಲ್ಲಿದ್ದಾರೆ. ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಬಾಗಿಲೂ ಗೊತ್ತು. ಒಂದು ಸಲ ಬಿಪಿ ನೋಡಿ ಹೋದರೆ ಸಾಲದು. ಚೀನಾದಲ್ಲಿ ಗೆದ್ದದ್ದು ನಾಲ್ಕು ವರ್ಷ ಬಿಡದೆ ಬಂದು ಕೇಳಿದ್ದು, ಇಳಿಯದಿದ್ದಾಗ ಮಾತ್ರೆ ಜಾಸ್ತಿ ಮಾಡಿದ್ದು. ಅದಕ್ಕೆ ಆಶಾಗಳಿಗೆ ತರಬೇತಿ ಬೇಕು, ಸರಿಯಾದ ಸಂಬಳ ಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆಯ ಸ್ಟಾಕ್ ಮುಗಿಯದಂತೆ ನೋಡಿಕೊಳ್ಳಬೇಕು.

ಎಚ್ಚರಿಕೆಯ ಮಾತೂ ಒಂದಿದೆ. ಎಂಬತ್ತು ದಾಟಿದ, ಸೊರಗಿದ ಅಜ್ಜನ ಬಿಪಿಯನ್ನು 120ಕ್ಕೆ ಇಳಿಸಲು ಹೊರಟರೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳಬಹುದು. ಸ್ಪ್ರಿಂಟ್ ಪ್ರಯೋಗದಲ್ಲೂ ಬಿಗಿ ಗುಂಪಿನಲ್ಲಿ ಬಿಪಿ ತೀರಾ ಇಳಿದವರು, ಪ್ರಜ್ಞೆ ತಪ್ಪಿದವರು, ಕಿಡ್ನಿ ತೊಂದರೆಯಾದವರು ಜಾಸ್ತಿ ಇದ್ದರು. ಎಷ್ಟಕ್ಕೆ ಇಳಿಸಬೇಕು ಅನ್ನುವುದನ್ನು ಡಾಕ್ಟರ್ ಆ ಮನುಷ್ಯನನ್ನು ನೋಡಿ ಹೇಳಬೇಕು. ಮಿದುಳನ್ನು ಕಾಯಲು ಒಳ್ಳೆ ಸಮಯ ನಲವತ್ತು, ಐವತ್ತರ ವಯಸ್ಸು. ಅಪ್ಪನ ಮರೆವಿನ ಚಿಂತೆಯಲ್ಲಿರುವ ಮಕ್ಕಳೇ ಮೊದಲು ಬಿಪಿ ನೋಡಿಸಿಕೊಳ್ಳಬೇಕು. ನೋಡುವಾಗ ಐದು ನಿಮಿಷ ಸುಮ್ನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಆಗಷ್ಟೇ ಕಾಫಿ ಕುಡಿದಿರಬಾರದು, ಮಾತಾಡಬಾರದು. ಎರಡು ಸಲ ನೋಡಿ ಬರೆದಿಡಿ.

ಚಿಕ್ಕಪ್ಪನಿಗೆ ವಾಪಸ್ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ಶುಗರ್ ಮಾತ್ರೆ ಬೇಡ ಚಿಕ್ಕಪ್ಪ. ನೀವು ಬಿಪಿ ಯಾವಾಗ ನೋಡಿಸಿದ್ರಿ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಕಣ್ಣಿನ ಆಪರೇಷನ್ ಟೈಮಲ್ಲಿ" ಅಂದರು. ಅದಾಗಿ ನಾಲ್ಕು ವರ್ಷ. ಮಾರನೇ ದಿನ ಆರೋಗ್ಯ ಕೇಂದ್ರಕ್ಕೆ ಹೋದರು. 162/94. ಒಂದು ವಾರ ಬಿಟ್ಟು ಮತ್ತೆ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿನ ಡಾಕ್ಟರ್ ಆಮ್ಲೊಡಿಪಿನ್ ಬರೆದುಕೊಟ್ಟರು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ ಅಂದರಂತೆ.

ಸ್ಟ್ರಿಪ್ಪನ್ನು ಈಗ ದೇವರ ಮನೆಯಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ದೀಪ ಹಚ್ಚುವಾಗ ಕಣ್ಣಿಗೆ ಬೀಳುತ್ತದಂತೆ. ಹೋದ ವಾರ ಬಿಪಿ 136/82 ಬಂತು ಅಂತ ಫೋನ್ ಮಾಡಿ ಹೇಳಿದರು. "ನಾರ್ಮಲ್ ಬಂತು ಅಂತ ಬಿಡಲ್ಲಮ್ಮ, ಗೊತ್ತಾಯ್ತು" ಅಂತ ಅವರೇ ಸೇರಿಸಿದರು. ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಇನ್ನೂ ಸ್ವಲ್ಪ ಇಳಿಸಬೇಕು ಅಂದಿದ್ದಾರಂತೆ ಡಾಕ್ಟರ್.